ಯೋಚನೆ ನಿಲ್ಲಿಸಿದರೆ ಶೂನ್ಯತೆ ಕಾಣುವುದಿಲ್ಲ

ಬೌದ್ಧರು ಹೇಳುವ ಹಾಗೆ ಎಲ್ಲವೂ ಶೂನ್ಯವಾದರೆ ಕರ್ಮಕ್ಕೆ, ಕರುಣೆಗೆ ಏನು ಬೆಲೆ, ಯೋಚನೆಗಳನ್ನೆಲ್ಲ ನಿಲ್ಲಿಸಿ ಕೂತರೆ ಶೂನ್ಯತೆ ಅನುಭವಕ್ಕೆ ಬರುತ್ತದಾ ಅಂತ ಕೇಳಿದ್ದೀರಿ. ಒಂದು ಕಾಲದಲ್ಲಿ ಇದು ನನ್ನದೂ ಪ್ರಶ್ನೆ. ಎರಡನೆಯದಕ್ಕೆ ನೇರವಾಗಿ ಹೇಳಿಬಿಡುತ್ತೇನೆ: ಬರುವುದಿಲ್ಲ.

8ನೇ ಶತಮಾನದ ಕೊನೆಗೆ ಟಿಬೆಟ್ಟಿನ ಸಮ್ಯೆ ಮಠದಲ್ಲಿ ಇದರ ಮೇಲೆಯೇ ವಾದ ನಡೆಯಿತು ಎನ್ನುತ್ತದೆ ಅಲ್ಲಿನ ಪರಂಪರೆ. ಯೋಚನೆ ನಿಂತರೆ ಸಾಕು ಎಂದವನು ಚೀನಾದ ಭಿಕ್ಷು ಮೊಹೆಯಾನ್. ವಿಚಾರಿಸಿ ನೋಡದೆ ಅಜ್ಞಾನದ ಬೇರು ಕೀಳಲಾಗದು ಎಂದವನು ಭಾರತದಿಂದ ಹೋದ ಕಮಲಶೀಲ. ನಾನು ಕಮಲಶೀಲನ ಪಕ್ಷ. ಯೋಚನೆ ನಿಂತಾಗ ‘ನಾನು’ ಎಂಬ ಹಿಡಿತ ಸುಮ್ಮನೆ ಮಲಗಿರುತ್ತದೆ. ಯಾರಾದರೂ ಬೈದ ಕೂಡಲೇ ಎದ್ದು ಕೂರುತ್ತದೆ.

ಬಹುಪಾಲು ಜನ ಎಡವುವುದು ಒಂದೇ ಕಡೆ. ಯಾವುದನ್ನು ‘ಇಲ್ಲ’ ಅನ್ನಬೇಕು ಎಂದು ಗುರುತಿಸಿಕೊಳ್ಳುವ ಮೊದಲೇ ‘ಇಲ್ಲ’ ಅನ್ನತೊಡಗುತ್ತಾರೆ. ಶೂನ್ಯತೆಯ ವಾದವನ್ನು ಕಟ್ಟಿದ ಬೌದ್ಧ ದಾರ್ಶನಿಕ ನಾಗಾರ್ಜುನ ಅಲ್ಲಗಳೆದದ್ದು ವಸ್ತುವನ್ನಲ್ಲ, ವಸ್ತುವಿನ ಸ್ವಭಾವವನ್ನು. ಕಾರಣ, ಭಾಗ, ಹೆಸರಿಡುವ ಮನಸ್ಸು ಯಾವುದರ ಹಂಗೂ ಇಲ್ಲದೆ ತನ್ನಷ್ಟಕ್ಕೆ ನಿಂತ ಹಾಗೆ ತೋರುತ್ತದಲ್ಲ, ಆ ಇರುವಿಕೆಯನ್ನು. ಈ ಗುರುತು ತಪ್ಪಿ ಕಡಿಮೆ ಅಳಿಸಿದರೆ ‘ಎಲ್ಲ ಕ್ಷಣಿಕ’ ಎಂಬ ಒಪ್ಪಿಗೆ ಮಾತ್ರ ಉಳಿಯುತ್ತದೆ, ಹಿಡಿತ ಅಲುಗುವುದಿಲ್ಲ. ಹೆಚ್ಚು ಅಳಿಸಿದರೆ ಪಾಪಪುಣ್ಯವೂ ಕೊಚ್ಚಿಹೋಗುತ್ತದೆ. ನಿಮ್ಮ ಮೊದಲ ಪ್ರಶ್ನೆ ಹುಟ್ಟುವುದೇ ಇಲ್ಲಿ, ಅದಕ್ಕೇ ಆ ಪ್ರಶ್ನೆಯನ್ನು ನಾನು ಒಪ್ಪುವುದಿಲ್ಲ. ನಾಗಾರ್ಜುನನ ಗ್ರಂಥ ಮೂಲಮಧ್ಯಮಕಕಾರಿಕೆಯ 27 ಪ್ರಕರಣಗಳಲ್ಲಿ 24ನೆಯದು ಶುರುವಾಗುವುದೇ ನಿಮ್ಮ ಈ ಆಕ್ಷೇಪದಿಂದ. ಅಲ್ಲಿನ ಉತ್ತರ ಉಲ್ಟಾ: ಸ್ವಭಾವ ಇದ್ದಿದ್ದರೆ ಏನೂ ಹುಟ್ಟುತ್ತಿರಲಿಲ್ಲ, ಏನೂ ಬದಲಾಗುತ್ತಿರಲಿಲ್ಲ, ಶೂನ್ಯವಾಗಿರುವುದರಿಂದಲೇ ಕರ್ಮ ಫಲ ಕೊಡುತ್ತದೆ. ತಪ್ಪಾಗಿ ಹಿಡಿದ ಶೂನ್ಯತೆ ತಪ್ಪಾಗಿ ಹಿಡಿದ ಹಾವಿನ ಹಾಗೆ ಎಂಬ ಎಚ್ಚರಿಕೆಯೂ ಅಲ್ಲೇ ಇದೆ.

ಮಾಡುವ ಕ್ರಮಕ್ಕೆ ಬರೋಣ. ಬೈಲುಕುಪ್ಪೆಯ ಸೆರಾ, ಮುಂಡಗೋಡಿನ ಡ್ರೆಪುಂಗ್ ಮಠಗಳು ಸೇರಿದ, ಟಿಬೆಟಿಯನ್ ಬೌದ್ಧರ ಗೆಲುಗ್ ಪರಂಪರೆಯದು ಇದು. ನಾಲ್ಕು ಜನರ ಮುಂದೆ ನಿಮ್ಮ ಮೇಲೆ ಸುಳ್ಳು ಆರೋಪ ಬಂದ ಗಳಿಗೆಯನ್ನು ನೆನಪಿಗೆ ತಂದುಕೊಳ್ಳಿ. ‘ನಾನಾ? ನಾನು ಮಾಡಿದ್ನಾ?’ ಎಂದು ಎದೆಯೊಳಗೆ ಗಟ್ಟಿಯಾಗಿ ಎದ್ದು ನಿಲ್ಲುವ ಆ ‘ನಾನು’ ನಿಮ್ಮ ಗುರಿ. ಅದನ್ನು ಮನಸ್ಸಿನ ಒಂದು ಮೂಲೆಯಿಂದ ಗಮನಿಸಿ. ನೇರವಾಗಿ ದಿಟ್ಟಿಸಿದರೆ ಮಾಯವಾಗುತ್ತದೆ. ಆಮೇಲೆ ಒಂದು ನಿರ್ಧಾರ: ತೋರಿದ ಹಾಗೇ ಅದು ಇದ್ದರೆ, ದೇಹ-ಮನಸ್ಸುಗಳ ಜೊತೆ ಒಂದೇ ಆಗಿರಬೇಕು ಇಲ್ಲವೇ ಬೇರೆ ಆಗಿರಬೇಕು, ಮೂರನೆಯ ದಾರಿಯಿಲ್ಲ. ಒಂದೇ ಆಗಿದ್ದರೆ ದೇಹದ ಭಾಗಗಳೆಷ್ಟೋ ‘ನಾನು’ಗಳೂ ಅಷ್ಟಾಗಬೇಕು. ಬೇರೆಯಾಗಿದ್ದರೆ ದೇಹ, ಮನಸ್ಸು ಎರಡನ್ನೂ ತೆಗೆದಿಟ್ಟ ಮೇಲೂ ಸಿಗಬೇಕು. ಹುಡುಕಿ. ಸಿಗದೇ ಹೋದಾಗ ಆ ಸಿಗದಿರುವಿಕೆಯಲ್ಲೇ ಮನಸ್ಸು ನಿಲ್ಲಿಸಿ. ಮಂಕು ಕವಿದರೆ, ಅಥವಾ ಬರೀ ಖಾಲಿ ಅನ್ನಿಸಿದರೆ, ಅಲ್ಲಿ ಕೂರಬೇಡಿ. ಮತ್ತೆ ಹುಡುಕಾಟಕ್ಕೆ ಬನ್ನಿ.

ಧ್ಯಾನದಿಂದ ಎದ್ದ ಮೇಲೆ ಬೇರೆಯವರ ನೋವು ಮೊದಲಿಗಿಂತ ಹಗುರ ಅನ್ನಿಸಿದರೆ ಹೆಚ್ಚು ಅಳಿಸಿದ್ದೀರಿ. ಆಗ ಮುಂದಿನದನ್ನೆಲ್ಲ ಬಿಟ್ಟು, ಕೆಲವು ವಾರ ಆ ‘ನಾನು’ವನ್ನು ಗುರುತಿಸುವುದೊಂದನ್ನೇ ಮಾಡಿ.