ಬ್ಯಾಂಡ್ ಬಾರಿಸಿದರೆ ಮಾರ್ಕ್ಸ್ ಕಮ್ಮಿ ಆಗುತ್ತಾ?

ಸಿಂಧನೂರಿನ ಓದುಗರೊಬ್ಬರ ಪತ್ರ: "ನೀವು ಹೊಗಳಿ ಬರೆದಿರಿ ಅಂತ ನನ್ನ ಮಗ 'ಸ್ಟ್ರೈಕ್ ಅಪ್ ದಿ ಬ್ಯಾಂಡ್' ಎಂಬ ಹಳೇ ಇಂಗ್ಲಿಷ್ ಸಿನಿಮಾ ನೋಡಿದ. ಈಗ ದಿನಾ ಡಬ್ಬ ಬಡೀತಾನೆ. ಈ ವರ್ಷ ಎಸ್ಸೆಸ್ಸೆಲ್ಸಿ. ಶಾಲೆ ಅಂದರೆ ಹಾಡು, ಕುಣಿತ ಅಂತ ತೋರಿಸುವ ಸಿನಿಮಾದಿಂದ ಯಾರಿಗೆ ಉಪಯೋಗ?"

ನಿಮ್ಮ ಚಿಂತೆ ಸುಳ್ಳಲ್ಲ. ಎಸ್ಸೆಸ್ಸೆಲ್ಸಿ ವರ್ಷ ಇಡೀ ಮನೆಯೇ ಪರೀಕ್ಷೆಗೆ ಕೂತಿರುತ್ತದೆ. ಟ್ಯೂಷನ್ ಫೀಸು ಕಟ್ಟುವವರೂ ನೀವೇ, ನಾವಲ್ಲ. ಒಪ್ಪಿದೆ.

ಆದರೆ ಸಾರ್, ಸಿನಿಮಾ ನೀವು ಪೂರ್ತಿ ನೋಡಿದಂತೆ ಕಾಣಲಿಲ್ಲ. ನೋಡಿದ್ದರೆ ಅದರಲ್ಲಿ ನಿಮ್ಮನ್ನೇ ಕಾಣುತ್ತಿದ್ದಿರಿ. ಅಲ್ಲಿ ನಾಯಕ ನಟ ಮಿಕ್ಕಿ ರೂನಿ ಹೈಸ್ಕೂಲ್ ಬ್ಯಾಂಡಿನ ಡ್ರಮ್ಮಿನ ಹುಡುಗ. ಅವನ ಅಮ್ಮನಿಗೋ ಮಗ ಡಾಕ್ಟರಾಗಬೇಕು! 1940ರ ಅಮೆರಿಕಕ್ಕೂ ಇವತ್ತಿನ ಸಿಂಧನೂರಿಗೂ ಏನು ವ್ಯತ್ಯಾಸ ಹೇಳಿ? ಹುಡುಗರು ಶಿಕಾಗೋದ ಸ್ಪರ್ಧೆಗೆ ಹೋಗಲು ಕಷ್ಟಪಟ್ಟು ಕಾಸು ಕೂಡಿಸುತ್ತಾರೆ. ಅಷ್ಟರಲ್ಲಿ ಗೆಳೆಯನೊಬ್ಬನಿಗೆ ಆಪರೇಷನ್ ಆಗಬೇಕು. ಕೂಡಿಸಿದ ದುಡ್ಡೆಲ್ಲ ಅವನಿಗೆ. ಇದನ್ನು ಯಾವ ಗೈಡ್ ಪುಸ್ತಕ ಕಲಿಸುತ್ತೆ?

ನನಗೆ ಇಷ್ಟದ ಜಾಗ ಬೇರೆ. ಊಟದ ಮೇಜಿನ ಮೇಲಿನ ಹಣ್ಣುಗಳನ್ನು ಜೋಡಿಸಿ, ವಾದ್ಯಗೋಷ್ಠಿ ಹೇಗಿರುತ್ತೆ ಅಂತ ರೂನಿ ನಾಯಕಿ ಜೂಡಿ ಗಾರ್ಲೆಂಡ್‌ಗೆ ತೋರಿಸುತ್ತಾನೆ. ನೋಡ್ತಾ ನೋಡ್ತಾ ಹಣ್ಣುಗಳಿಗೇ ಜೀವ ಬಂದು ಪಿಟೀಲು, ತುತ್ತೂರಿ ನುಡಿಸುತ್ತವೆ. ಕಂಪ್ಯೂಟರ್ ಇಲ್ಲದ ಕಾಲ. ಜಾರ್ಜ್ ಪಾಲ್ ಗೊಂಬೆಗಳನ್ನು ಇಟ್ಟು ಮಾಡಿದ ಕೆಲಸ ಅದು. ಶಬ್ದಗ್ರಹಣಕ್ಕೆ ಈ ಸಿನಿಮಾಗೆ ಆಸ್ಕರ್ ಬಂತು. ನಿರ್ದೇಶಕ ಬಸ್ಬಿ ಬರ್ಕ್ಲಿ ಸ್ವಲ್ಪ ಜಾಸ್ತಿಯೇ ಎಳೆದಿದ್ದಾನೆ, ಅದನ್ನೂ ಹೇಳಿಬಿಡುತ್ತೇನೆ.

ಹಾಡನ್ನು ಹಗುರ ಮಾಡುವವರಿಗೆ ನಿಮ್ಮ ಜಿಲ್ಲೆಯದ್ದೇ ಒಂದು ಕಥೆ ಇದೆ. ಮಾನ್ವಿಯ ಜಗನ್ನಾಥದಾಸರು ಮೊದಲು ದೊಡ್ಡ ಸಂಸ್ಕೃತ ಪಂಡಿತರು. ಕನ್ನಡದಲ್ಲಿ ಹಾಡುವ ದಾಸರೆಂದರೆ ಅಷ್ಟಕ್ಕಷ್ಟೇ. ವಿಜಯದಾಸರು ಊಟಕ್ಕೆ ಕರೆದಾಗ ಹೊಟ್ಟೆನೋವು ಅಂತ ನೆಪ ಹೇಳಿದರಂತೆ. ಆಮೇಲೆ ನಿಜವಾಗಿಯೂ ಹೊಟ್ಟೆನೋವು ಹಿಡಿಯಿತಂತೆ! ಅದೇ ಪಂಡಿತರು ಮುಂದೆ ಭಾಮಿನಿ ಷಟ್ಪದಿಯಲ್ಲಿ 'ಹರಿಕಥಾಮೃತಸಾರ' ಬರೆದರು. ಅದನ್ನು ಇವತ್ತಿಗೂ ಜನ ಹಾಡುತ್ತಾರೆ. ನಿಮ್ಮ ಹೊಟ್ಟೆ ಹುಷಾರು ಸಾರ್, ಸುಮ್ನೆ ತಮಾಷೆಗೆ ಅಂದೆ.

ಸಿಟ್ಟು ಬರೋದು ನಿಮ್ಮ ಮೇಲಲ್ಲ. ಬಳ್ಳಾರಿ ಕಡೆ ಒಂದು ಶಾಲೆಗೆ ಹೋಗಿದ್ದೆ. ಹೆಡ್‌ಮಾಸ್ತರ ಕೋಣೆಯ ಬೀರುವಿನಲ್ಲಿ ಹಾರ್ಮೋನಿಯಂ ಇತ್ತು. ಮೇಲೆ ಹಾಜರಿ ಪುಸ್ತಕದ ರಾಶಿ. ತಿದಿ ಒತ್ತಿದರೆ ಬರೀ ಗಾಳಿ. ಬೆರಳಿನಿಂದ ಒತ್ತುವ ಎರಡು ಕೀಗಳು ಒಳಗೇ ಕೂತುಬಿಟ್ಟಿವೆ. ಟೈಮ್‌ಟೇಬಲ್ಲಿನಲ್ಲಿ ಸಂಗೀತದ ಪಿರಿಯಡ್ ಇದೆ, ಗಣಿತದವರು ತಗೊಳ್ತಾರೆ. ಗ್ಯಾದರಿಂಗ್ ಬಂದರೆ ಡಿಜೆ ತರಿಸಿ, ರೆಕಾರ್ಡಿಗೆ ಮಕ್ಕಳನ್ನು ಕುಣಿಸುತ್ತಾರೆ. ಮೈಕು ಮುಖ್ಯ ಅತಿಥಿಗೆ ಮಾತ್ರ. ಒಂದು ಮಗುವೂ ಬಾಯಿಬಿಟ್ಟು ಹಾಡುವುದಿಲ್ಲ. ಕಂಪನಿ ನಾಟಕಗಳು ರಾತ್ರಿಯಿಡೀ ನಡೆದ ಸೀಮೆ ಇದು! ಸುಭದ್ರಮ್ಮ ಮನ್ಸೂರ್ ರಂಗದ ಮೇಲೆ ನಿಂತು ಹಾಡುತ್ತಿದ್ದ ಊರು ಬಳ್ಳಾರಿ.

ನಿಮ್ಮ ಮಗನ ಶಾಲೆಯ ಮುಂದಿನ ಪೋಷಕರ ಸಭೆಯಲ್ಲಿ ಮಾರ್ಕ್ಸ್ ಕೇಳಿದ ಮೇಲೆ, ಸಂಗೀತದ ಪಿರಿಯಡ್ ಯಾರು ತಗೊಳ್ತಾರೆ ಅಂತಲೂ ಒಂದು ಮಾತು ಕೇಳಿ. ಉತ್ತರ ಸಿಕ್ಕರೆ ಬರೆದು ಕಳಿಸಿ. ಪೂರ್ತಿ ಪುಟ ಕೊಡುತ್ತೇನೆ.

– ಸಂ.