ಹುಡುಕಿದ ಡ್ರಾಯರನ್ನೇ ಮತ್ತೆ ಹುಡುಕುತ್ತಾರೆ

ಪ್ರಶ್ನೆ: ನಮ್ಮ ಯಜಮಾನರಿಗೆ 61 ವರ್ಷ. ಕಾಫಿ ತೋಟದಲ್ಲಿ ರೈಟರ್ ಆಗಿದ್ದವರು. ಐದು ತಿಂಗಳ ಹಿಂದೆ ಮೆದುಳಿನ ಬಲಭಾಗಕ್ಕೆ ಸ್ಟ್ರೋಕ್ ಆಯಿತು. ಈಗ ಓಡಾಡುತ್ತಾರೆ, ಮಾತು ಸರಿಯಿದೆ, ಮೂವತ್ತು ವರ್ಷದ ಹಿಂದಿನ ಆಳುಗಳ ಹೆಸರೂ ಹೇಳುತ್ತಾರೆ. ಆದರೆ ಕನ್ನಡಕ ಹುಡುಕುವಾಗ ಒಂದೇ ಡ್ರಾಯರನ್ನು ನಾಲ್ಕು ಸಲ ಎಳೆಯುತ್ತಾರೆ. ಕಣದಲ್ಲಿ ಕಾಫಿ ತಿರುವಿದ ಕಡೆಯೇ ಮತ್ತೆ ತಿರುವುತ್ತಾರೆ. ಮಗ ರೇಗುತ್ತಾನೆ. ಇದು ಅರಳುಮರಳಾ ಮೇಡಂ?
– ಒಬ್ಬ ಗೃಹಿಣಿ, ಮೂಡಿಗೆರೆ

ಉತ್ತರ: ನೀವು ಬರೆದಿದ್ದು ನೋಡಿದರೆ ಅರಳುಮರಳಿನ ಹಾಗೆ ಕಾಣುವುದಿಲ್ಲ ಅಮ್ಮ. ಒಗ್ಗರಣೆ ಹಾಕುವಾಗ ಸಾಸಿವೆ ಡಬ್ಬಿ ಪಕ್ಕಕ್ಕಿಟ್ಟು ಬಾಣಲೆ ನೋಡುತ್ತಿದ್ದರೂ ನಿಮ್ಮ ಕೈ ಮತ್ತೆ ಅಲ್ಲಿಗೇ ಹೋಗುತ್ತದಲ್ಲ, ಆ ನೆನಪಿಗೆ ಪೆಟ್ಟಾಗಿರಬಹುದು. ಯಾವುದು ಎಲ್ಲಿದೆ, ಎಲ್ಲಿ ನೋಡಿ ಆಯಿತು ಅನ್ನುವುದನ್ನು ಕೆಲವೇ ಸೆಕೆಂಡು ಹಿಡಿದಿಡುವ ಇದಕ್ಕೆ ನಾವು ಸ್ಪೇಶಿಯಲ್ ವರ್ಕಿಂಗ್ ಮೆಮೊರಿ ಅನ್ನುತ್ತೇವೆ. ಬಲಗಿವಿಯ ಮೇಲೆ, ಸ್ವಲ್ಪ ಹಿಂದಕ್ಕಿರುವ ಪೆರೈಟಲ್ ಭಾಗಕ್ಕೂ ಹಣೆಯ ಹಿಂದಿನ ಭಾಗಕ್ಕೂ ಇದರಲ್ಲಿ ದೊಡ್ಡ ಪಾಲಿದೆ. ಹಳೆಯ ಹೆಸರುಗಳ ನೆನಪಿನ ದಾರಿಯೇ ಬೇರೆ.

ಹಾಸನದ ನನ್ನ ಕ್ಲಿನಿಕ್ಕಿನಲ್ಲಿ ಒಂದು ಹಲಗೆ ಇದೆ, ಅದರ ಮೇಲೆ ಅಲ್ಲಲ್ಲಿ ಅಂಟಿಸಿದ 9 ಮರದ ತುಂಡು. ಕೆನಡಾದ ಫಿಲಿಪ್ ಕೋರ್ಸಿ 1972ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ಬಳಸಿದ ಪರೀಕ್ಷೆ. ನಾನು ಮುಟ್ಟಿದ ಕ್ರಮದಲ್ಲೇ ನೀವು ಮುಟ್ಟಬೇಕು. ಆರೋಗ್ಯವಂತರು ಸಾಮಾನ್ಯವಾಗಿ ಐದಾರು ತುಂಡಿನ ತನಕ ತಪ್ಪುವುದಿಲ್ಲ. ಸ್ಟ್ರೋಕ್ ಆಗಿದ್ದ ಬಡಗಿಯೊಬ್ಬರು ಏಳು ಅಂಕಿಗಳನ್ನು ಕೇಳಿ ಹಾಗೇ ಒಪ್ಪಿಸಿದರು. ತುಂಡುಗಳಲ್ಲಿ ಮಾತ್ರ ಮೂರನೆಯದಕ್ಕೇ ಬೆರಳು ಗಾಳಿಯಲ್ಲಿ ನಿಂತುಬಿಟ್ಟಿತು. ‘ನೋಡಿದ್ದೆ ಮೇಡಂ, ಈಗಷ್ಟೇ ಇತ್ತು’ ಅಂದರು.

2001ರಲ್ಲಿ ನರರೋಗ ತಜ್ಞ ಮಸೂದ್ ಹುಸೇನ್ ಮತ್ತು ಸಂಗಡಿಗರು ಇಂಥ ರೋಗಿಯೊಬ್ಬರಿಗೆ ಕೆಲವು ಗುರುತುಗಳನ್ನು ಹುಡುಕಲು ಕೊಟ್ಟು, ಕಣ್ಣು ಎಲ್ಲೆಲ್ಲಿ ಓಡುತ್ತದೆಂದು ಅಳೆದರು. ಆಗಲೇ ಕಂಡುಹಿಡಿದ ಗುರುತುಗಳನ್ನೇ ಆತ ಹೊಸದೆಂದುಕೊಂಡು ಮತ್ತೆ ಮತ್ತೆ ಆರಿಸುತ್ತಿದ್ದ. ನಿಮ್ಮವರ ಡ್ರಾಯರ್ ಕಥೆ ಓದಿದಾಗ ನನಗೆ ನೆನಪಾಗಿದ್ದು ಅದೇ.

ಊಟ ಮುಗಿದ ಮೇಲೆ ತಟ್ಟೆ ನೋಡಿ. ಎಡಗಡೆಯ ಅನ್ನ ಹಾಗೇ ಉಳಿಯುತ್ತಿದ್ದರೆ ಎಡಗಡೆಗೆ ಗಮನವೇ ಹೋಗದ ತೊಂದರೆಯೂ ಜೊತೆಗಿರಬಹುದು. ಅದನ್ನು ನಿಮ್ಮ ನರರೋಗ ವೈದ್ಯರಿಗೆ ತಪ್ಪದೆ ಹೇಳಿ.

ನೋಡಿಯಾದ ಡ್ರಾಯರನ್ನು ಮುಚ್ಚದೆ ತೆರೆದೇ ಬಿಡಲು ಹೇಳಿಕೊಡಿ. ತಲೆಯಲ್ಲಿ ನಿಲ್ಲದ ಗುರುತು ಕಣ್ಣೆದುರಿಗೆ ಇರಲಿ. ಕಣದಲ್ಲಿ ತಿರುವಿ ಮುಗಿದ ಸಾಲಿನ ತುದಿಗೆ ಒಂದು ಕಲ್ಲಿಡಲಿ. ಕನ್ನಡಕಕ್ಕೆ ದಾರ ಕಟ್ಟಿ ಕೊರಳಿಗೇ ಹಾಕಿಬಿಡಿ.

ಮಗನಿಗೆ ಈ ಪುಟ ಓದಿಸಿ. ನಾನು ಮೆಡಿಕಲ್ ಓದುವಾಗ ನಮ್ಮ ದೊಡ್ಡಪ್ಪನಿಗೂ ಹೀಗೇ ಆಗಿತ್ತು. ಬೀಗದ ಕೈಗಾಗಿ ಅದೇ ಕಿಟಕಿ ಕಟ್ಟೆ ತಡವುತ್ತಿದ್ದವರಿಗೆ ‘ಅಲ್ಲಿ ನೋಡಿ ಆಯ್ತಲ್ಲ’ ಅಂತ ಗದರಿದ್ದೆ. ಅವರು ಕೈ ಹಿಂದಕ್ಕೆ ತೆಗೆದುಕೊಂಡು ಸುಮ್ಮನೆ ಕೂತುಬಿಟ್ಟರು. ಆ ಕೈ ನನಗಿನ್ನೂ ಕಣ್ಣಿಗೆ ಕಟ್ಟಿದಂತಿದೆ.

ಗಾಡಿ ಓಡಿಸುವುದು ಮಾತ್ರ ಸದ್ಯಕ್ಕೆ ಬೇಡ. ಪರೀಕ್ಷೆ ಆಗಿ ವೈದ್ಯರು ಒಪ್ಪುವ ತನಕ ಬೀಗದ ಕೈ ನಿಮ್ಮ ಹತ್ತಿರವೇ ಇರಲಿ.