ಆರೋಗ್ಯ ಪ್ರಶ್ನೋತ್ತರ: ತಿಂಗಳಿಗೊಂದು ಚುಚ್ಚುಮದ್ದು, ಯಾವುದು ಯಾರಿಗೆ?

ಪ್ರಶ್ನೆ: ನಮ್ಮದು ಕಾಪು ಸಮೀಪದ ಹಳ್ಳಿ. ಮುಂಬಯಿಯಲ್ಲಿ ಸೋದರಮಾವನ ಹೋಟೆಲಿನಲ್ಲಿ ಕೆಲಸಕ್ಕಿದ್ದ ಮಗ ಬ್ರೌನ್ ಶುಗರ್ (ಅಫೀಮಿನಿಂದ ತಯಾರಾಗುವ ಹೆರಾಯಿನ್) ಚಟಕ್ಕೆ ಬಿದ್ದ. ಊರಿಗೆ ಕರೆತಂದು ಮನೋವೈದ್ಯರಿಗೆ ತೋರಿಸಿದ ಮೇಲೆ ನಾಲಿಗೆಯಡಿ ಇಡುವ ಬ್ಯುಪ್ರೆನಾರ್ಫಿನ್ ಮಾತ್ರೆಯಲ್ಲಿ ಚೇತರಿಸಿಕೊಂಡಿದ್ದಾನೆ. ಅಮೆರಿಕದಲ್ಲಿ ಇದಕ್ಕೆ ತಿಂಗಳಿಗೊಮ್ಮೆ ಕೊಡುವ ಎರಡು ಚುಚ್ಚುಮದ್ದುಗಳಿವೆಯಂತೆ. ಒಂದು ಮಾದಕವಲ್ಲ, ಇನ್ನೊಂದು ಅಫೀಮಿನ ಜಾತಿಯದ್ದೇ ಎಂದು ಅಲ್ಲಿರುವ ಬಂಧುಗಳು ಹೇಳಿದ್ದಾರೆ. ಮಾದಕವಲ್ಲದ್ದನ್ನೇ ತರಿಸೋಣ ಎಂದು ಮನೆಯವರ ಹಟ. ಇದು ಸರಿಯೇ?
— ಓರ್ವ ತಾಯಿ, ಉಡುಪಿ ಜಿಲ್ಲೆ

ಉತ್ತರ: ಅಮ್ಮಾ, ದಯವಿಟ್ಟು ಈ ವಿಷಯದಲ್ಲಿ ಅವಸರ ಮಾಡಬೇಡಿ. ಮನೆಯವರು ಬಯಸುವ ಮದ್ದಿನ ಹೆಸರು ನಾಲ್ಟ್ರೆಕ್ಸೋನ್. ಅಫೀಮಿನ ಗುಂಪಿನ ಯಾವ ವಸ್ತುವೂ ಮೆದುಳಿನಲ್ಲಿ ಕೆಲಸ ಮಾಡದಂತೆ ಅದು ತಡೆಯುತ್ತದೆ. ಮಗ ಈಗ ಸೇವಿಸುತ್ತಿರುವ ಬ್ಯುಪ್ರೆನಾರ್ಫಿನ್ ಕೂಡ ಅದೇ ಗುಂಪಿಗೆ ಸೇರಿದ್ದು. ಅದು ದೇಹದಲ್ಲಿರುವಾಗಲೇ ನಾಲ್ಟ್ರೆಕ್ಸೋನ್ ಕೊಟ್ಟರೆ ವಾಂತಿ, ಭೇದಿ, ಮೈಕೈ ಸೆಳೆತ, ತಡೆಯಲಾಗದ ಚಡಪಡಿಕೆ ಒಮ್ಮೆಲೇ ಶುರುವಾಗುತ್ತವೆ, ಮತ್ತು ಚುಚ್ಚಿದ ಮದ್ದನ್ನು ಹೊರತೆಗೆಯುವ ದಾರಿಯಿರುವುದಿಲ್ಲ. ಆದ್ದರಿಂದ ಬ್ರೌನ್ ಶುಗರ್ ಬಿಟ್ಟು ಕನಿಷ್ಠ 7ರಿಂದ 10 ದಿನ, ಬ್ಯುಪ್ರೆನಾರ್ಫಿನ್ ನಿಲ್ಲಿಸಿದವರಾದರೆ ಎರಡು ವಾರಗಳವರೆಗೂ ಕಾಯಬೇಕಾಗುತ್ತದೆ. ಚಟ ಮರುಕಳಿಸುವ ಸಂಭವ ತೀರಾ ಹೆಚ್ಚಿರುವುದು ಈ ಖಾಲಿ ದಿನಗಳಲ್ಲಿಯೇ.

ಅಮೆರಿಕದಲ್ಲಿ 570 ಜನರ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಅಧ್ಯಯನವೊಂದು ಮಾಸಿಕ ನಾಲ್ಟ್ರೆಕ್ಸೋನ್ ಚುಚ್ಚುಮದ್ದನ್ನು ನಾಲಿಗೆಯಡಿಯ ಬ್ಯುಪ್ರೆನಾರ್ಫಿನ್ ಜೊತೆ ಹೋಲಿಸಿತು. ಬ್ಯುಪ್ರೆನಾರ್ಫಿನ್ ಗುಂಪಿನಲ್ಲಿ ಶೇ. 94 ಮಂದಿ ಚಿಕಿತ್ಸೆ ಆರಂಭಿಸಿದರೆ, ನಾಲ್ಟ್ರೆಕ್ಸೋನ್ ಗುಂಪಿನಲ್ಲಿ ಆರಂಭದ ಹೊಸ್ತಿಲು ದಾಟಿದವರು ಶೇ. 72 ಮಾತ್ರ. ದಾಟಿದವರಲ್ಲಿ ಎರಡರ ಫಲವೂ ಹೆಚ್ಚುಕಡಿಮೆ ಸಮನಾಗಿಯೇ ಇತ್ತು. ಅಂದರೆ ನಾಲ್ಟ್ರೆಕ್ಸೋನ್ ಕಳಪೆ ಮದ್ದೇನಲ್ಲ. ಆಸ್ಪತ್ರೆಯಲ್ಲಿದ್ದು ಪೂರ್ತಿ ಬಿಟ್ಟವರಿಗೆ, ಈ ಗುಂಪಿನ ಯಾವ ಮದ್ದೂ ಬೇಡವೆಂದು ತಾವಾಗಿ ನಿಶ್ಚಯಿಸಿದವರಿಗೆ ಅದು ಒಪ್ಪುತ್ತದೆ. ಆ ನಿಶ್ಚಯ ಮಗನದ್ದಾಗಿರಬೇಕು, ಮನೆಯವರದ್ದಲ್ಲ.

ಎರಡನೆಯ ಚುಚ್ಚುಮದ್ದು ಬೇರೇನೂ ಅಲ್ಲ, ನಿಮ್ಮ ಮಗನ ಮಾತ್ರೆಯ ಮದ್ದೇ. ಹೊಟ್ಟೆಯ ಚರ್ಮದಡಿ ಸೇರಿಸಿದರೆ ತಿಂಗಳಿಡೀ ನಿಧಾನವಾಗಿ ಬಿಡುಗಡೆಯಾಗುತ್ತದೆ. ಅಮೆರಿಕದಲ್ಲಿ ಅದಕ್ಕೆ 2017ರಲ್ಲಿ ಅನುಮತಿ ದೊರೆಯಿತು. ದಿನವೂ ಮಾತ್ರೆಯ ನೆನಪು, ಕೀಲಿ ಹಾಕಿಡುವ ಚಿಂತೆ ಇರುವುದಿಲ್ಲ. ಆದರೆ ಅದು ರಕ್ತನಾಳಕ್ಕೆ ಹೋದರೆ ಪ್ರಾಣಾಪಾಯವಾದ್ದರಿಂದ ಆಸ್ಪತ್ರೆಯಲ್ಲೇ ಕೊಡಬೇಕು. ಯಾರದೋ ಕೈಯಲ್ಲಿ ಕಳುಹಿಸಿ ತರಿಸಿಕೊಳ್ಳುವ ವಸ್ತುವಲ್ಲ. ನೋವಿಗೆಂದು ನಮ್ಮಲ್ಲಿ ದೊರೆಯುವ ಬ್ಯುಪ್ರೆನಾರ್ಫಿನ್ ಆಂಪೂಲ್ ಇದಲ್ಲ. ಅದನ್ನೇ ಚುಚ್ಚಿಕೊಂಡು ಹೊಸ ಚಟಕ್ಕೆ ಬಿದ್ದವರಿದ್ದಾರೆ.

ಒಂದು ಚಟ ಬಿಡಿಸಿ ಇನ್ನೊಂದು ಹಿಡಿಸಿದಂತಾಗುವುದಿಲ್ಲವೇ ಎಂದು ಮನೆಯವರು ಕೇಳಬಹುದು. ಇಲ್ಲ. ಬ್ಯುಪ್ರೆನಾರ್ಫಿನ್ ಸರಿಯಾದ ಪ್ರಮಾಣದಲ್ಲಿದ್ದರೆ ಅಮಲೇರುವುದಿಲ್ಲ, ತೀವ್ರ ಬಯಕೆ ತಗ್ಗುತ್ತದೆ, ಮಗ ಕೆಲಸಕ್ಕೆ ಹೋಗಬಲ್ಲ. ಈ ಚಿಕಿತ್ಸೆಯಲ್ಲಿ ಇರುವಷ್ಟು ಕಾಲ ಸಾವಿನ ಅಪಾಯ ಕಡಿಮೆಯಾಗುತ್ತದೆ ಎಂಬುದು ಹಲವು ದೇಶಗಳ ಅನುಭವ. ಯಾವ ಮದ್ದನ್ನಾದರೂ ನಡುವೆ ನಿಲ್ಲಿಸಿದವರು ಬ್ರೌನ್ ಶುಗರಿನ ಹಳೆಯ ಪ್ರಮಾಣಕ್ಕೆ ಮರಳಿದರೆ ದೇಹ ಅದನ್ನು ತಾಳಲಾರದೆ ಉಸಿರು ನಿಲ್ಲಬಹುದು. ನಾಲ್ಟ್ರೆಕ್ಸೋನ್ ಪಡೆದವರಲ್ಲಿ ಈ ಭಯ ವಿಶೇಷವಾಗಿರುತ್ತದೆ. ಚೇತರಿಸಿಕೊಳ್ಳುತ್ತಿರುವ ಮಗನ ಮಾತ್ರೆಯನ್ನು ಮರ್ಯಾದೆಯ ಪ್ರಶ್ನೆಗಾಗಿ ಬಿಡಿಸಬೇಡಿ ಎಂಬುದೇ ನನ್ನ ಕಳಕಳಿಯ ವಿನಂತಿ. ಪ್ರತಿದಿನದ ಮಾತ್ರೆಯೇ ಕಷ್ಟವಾಗುತ್ತಿದ್ದರೆ ಚುಚ್ಚುಮದ್ದಿನ ಮಾತನ್ನು ನಿಮ್ಮ ವೈದ್ಯರ ಬಳಿಯೇ, ಮಗನನ್ನು ಕೂರಿಸಿಕೊಂಡು ತೆಗೆಯಿರಿ.

ಪ್ರಶ್ನೆ: ನನ್ನ ತಮ್ಮ ಮಲ್ಪೆಯ ಬೋಟಿನಲ್ಲಿ ದುಡಿಯುತ್ತಾನೆ, ನಿತ್ಯ ಕುಡಿಯುತ್ತಾನೆ. ಅವನಿಗೂ ಚುಚ್ಚುಮದ್ದು ಇದೆಯೇ?
— ಅಕ್ಕ, ಮಂಗಳೂರು

ಉತ್ತರ: ಮದ್ಯದ ಚಟಕ್ಕೆ ನಾಲ್ಟ್ರೆಕ್ಸೋನ್ ಉಂಟು, ಬ್ಯುಪ್ರೆನಾರ್ಫಿನ್ ಇಲ್ಲ. 2006ರಲ್ಲಿ ಅಮೆರಿಕದಲ್ಲಿ ಈ ಚುಚ್ಚುಮದ್ದಿಗೆ ಮೊದಲು ಅನುಮತಿ ದೊರೆತದ್ದೇ ಮದ್ಯವ್ಯಸನಕ್ಕೆ. ನಾಲ್ಕು ವಾರಕ್ಕೊಮ್ಮೆ 380 ಮಿಲಿಗ್ರಾಂ, ಪೃಷ್ಠದ ಸ್ನಾಯುವಿಗೆ. ನಮ್ಮಲ್ಲಿ ವೈದ್ಯರು ಸಾಮಾನ್ಯವಾಗಿ ಬರೆಯುವುದು ಅದರ 50 ಮಿಲಿಗ್ರಾಂ ಮಾತ್ರೆ. ಯಕೃತ್ತಿನ ಪರೀಕ್ಷೆ ಮೊದಲು ಆಗಬೇಕು.

ನಿತ್ಯ ಕುಡಿಯುವವನು ಹಠಾತ್ತನೆ ನಿಲ್ಲಿಸಿದರೆ ಎರಡು ಮೂರು ದಿನಗಳೊಳಗೆ ನಡುಕ, ಅಪಸ್ಮಾರ, ಭ್ರಮೆ ಬರಬಹುದು. ನಾಲ್ಟ್ರೆಕ್ಸೋನ್ ಅದನ್ನು ತಡೆಯದು, ಮತ್ತು ದಡದಿಂದ ದೂರದ ಬೋಟಿನಲ್ಲಿ ಹೀಗಾದರೆ ಜೀವಕ್ಕೇ ಸಂಚಕಾರ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವ ದಿನಗಳಲ್ಲಿ, ಆಸ್ಪತ್ರೆಯ ಮೇಲ್ವಿಚಾರಣೆಯಲ್ಲಿ ಬಿಡಿಸುವುದು ಒಳ್ಳೆಯದು. ಅಷ್ಟರ ತನಕ ಕಾಯಲಾಗದ ಸ್ಥಿತಿಯಿದ್ದರೆ ಈಗಲೇ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಗೆ ಕರೆದೊಯ್ಯಿರಿ, ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ಮಾತನಾಡಿ. ಊಟದಲ್ಲಿ ಗುಟ್ಟಾಗಿ ಬೆರೆಸುವ ಮದ್ದುಗಳ ಮಾತು ಕೇಳಬೇಡಿ. ಮದ್ಯದೊಂದಿಗೆ ಸೇರಿದರೆ ತೀವ್ರ ಪ್ರತಿಕ್ರಿಯೆ ತರುವ ಡೈಸಲ್ಫಿರಾಂ ಎಂಬ ಮದ್ದನ್ನು ಬೆರೆಸಿದ್ದು ತಿಳಿಯದೆ ಅವನು ಕುಡಿದರೆ ರಕ್ತದೊತ್ತಡ ಕುಸಿದು ಪ್ರಾಣ ಹೋಗಬಹುದು.